ಓಣಿಯವರು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾವ ಮಾತು ಕಿವಿಗೆ ಬಿದ್ದರೂ ಅದನ್ನು ಬಿಡಿಸಿ ನೋಡಬೇಕೆನಿಸುತ್ತದೆ. 'ಬೀದಿಮಕ್ಕಳು' ಎಂಬ ಸಮಾಸವನ್ನೇ ತೆಗೆದುಕೊಳ್ಳಿ. ವಿಗ್ರಹವಾಕ್ಯ ಹೇಳಿರೆಂದರೆ ನನ್ನ ವಿದ್ಯಾರ್ಥಿಗಳು 'ಬೀದಿಯ ಮಕ್ಕಳು' ಎನ್ನುತ್ತಾರೆ. ತತ್ಪುರುಷ, ಅಂಕ ಕೊಡಲೇಬೇಕು. ಆದರೆ ಬೀದಿ ಯಾವ ಮಗುವನ್ನು ಹೆತ್ತಿದೆ? ಬೆಂಗಳೂರಿನಲ್ಲಿ 1980ರಲ್ಲಿ ಇಂಥ ಮಕ್ಕಳಿಗಾಗಿ ಕೆಲಸ ಆರಂಭಿಸಿದ ಡಾನ್ ಬಾಸ್ಕೋ ಪಂಥದವರ ಸಂಸ್ಥೆಗೆ 'ಬೆಂಗಳೂರು ಓಣಿಯವರ ಸೇವಾ ಕೂಟ' ಎಂದು ಹೆಸರು. ಇಂಗ್ಲಿಷಿನಲ್ಲಿ ಬರೆದು ಮೊದಲಕ್ಷರಗಳನ್ನು ಕೂಡಿಸಿದರೆ 'ಬಾಸ್ಕೋ' ಆಗುವ ಚಮತ್ಕಾರವೂ ಅದರಲ್ಲುಂಟು. ನನಗೆ ಹಿಡಿಸಿದ್ದು 'ಓಣಿಯವರು' ಎಂಬ ಮಾತು. ಬೀದಿ ಯಾರದೂ ಅಲ್ಲ. ಓಣಿಗಾದರೋ ಬಾಗಿಲುಗಳಿರುತ್ತವೆ, ಬಾಗಿಲಲ್ಲಿ ನಿಂತು ಗದರಿಸುವ ಅಜ್ಜಿಯರಿರುತ್ತಾರೆ.

ನಮ್ಮ ಊರಿಗಾಂನಲ್ಲಿ ಓಣಿಗಳಿಗೆ ಬರವಿಲ್ಲ. ಗಣಿಯ ಕಾಲದ ಲೈನುಮನೆಗಳು ಸಾಲಾಗಿ ನಿಂತಿವೆ. ಅವುಗಳ ಬೆನ್ನಿಗೆ ಸಯನೈಡ್ ದಿಬ್ಬಗಳು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು 1894ರ ರೈಲುಹಾದಿ. ಬೆಳಗಿನ ಕತ್ತಲಲ್ಲಿ ಜನ ಆ ಹಾದಿ ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಹಿಂದಿರುಗುತ್ತಾರೆ. ನಡುವಿನ ಹಗಲೆಲ್ಲ ಎಷ್ಟೋ ಮನೆಗಳಲ್ಲಿ ದೊಡ್ಡವರಿಲ್ಲ. ಬೀಗದಕೈಯನ್ನು ಕೊರಳಿಗೆ ಕಟ್ಟಿಕೊಂಡ ಹುಡುಗ ಮೊದಲು ಓಣಿಗೆ ಬರುತ್ತಾನೆ, ಆಮೇಲೆ ಸ್ಟೇಷನ್ನಿಗೆ, ಆಮೇಲೊಂದು ದಿನ ಬಂಗಾರಪೇಟೆ ಜಂಕ್ಷನ್ನಿಗೆ. ಜಂಕ್ಷನ್ ಮುಟ್ಟಿದವನಿಗೆ ಭರತಖಂಡವೆಲ್ಲ ಹತ್ತಿರ.

ಅಂಥವನೊಬ್ಬನ ಪರಿಚಯ ನನಗೆ ಅಲ್ಲಿಯೇ ಆಯಿತು. ಹತ್ತು ಹನ್ನೊಂದು ವರ್ಷದವನು. ಅಂಗಿ ಬಿಚ್ಚಿ ಅದರಲ್ಲೇ ಡಬ್ಬಿಯ ನೆಲ ಒರೆಸಿ ಕೈಚಾಚುವುದು ಅವನ ಕಸುಬು. ಕಾಸು ಕೇಳುವುದು ಕನ್ನಡದಲ್ಲಿ, ಎಣಿಸುವುದು ಹಿಂದಿಯಲ್ಲಿ, ಜಗಳ ತಮಿಳಿನಲ್ಲಿ. ಪೋಲೀಸರು ಕಂಡರೆ ಯಾವ ಭಾಷೆಯೂ ಬಾರದು. 'ಏನೋ, ಇಸ್ಕೂಲಿಗೆ ಹೋಗೋಲ್ವೇನೋ?' ಎಂದರೆ, 'ನೀವು ಹೋಗ್ತಾ ಇದೀರಲ್ಲ ಸಾರ್, ಸಾಕು' ಎಂದ. ಮೇಷ್ಟ್ರು ಎಂದು ಅವನಿಗೆ ಯಾರು ಹೇಳಿದರೋ!

ಒಂದು ಸಂಜೆ ಅವನ ಮೂಗಿನ ಹತ್ತಿರ ಕರವಸ್ತ್ರವಿತ್ತು. ಪಂಕ್ಚರ್ ಹಾಕುವ ಅಂಟಿನ ವಾಸನೆ. ಹಸಿವು ಮರೆಯುವುದಕ್ಕೆ ಈ ಮಕ್ಕಳು ಕಂಡುಕೊಂಡ ಉಪಾಯ ಅದು. ನಾನು 1098ಕ್ಕೆ ಫೋನು ಮಾಡಿದೆ. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಕ್ಕಳ ಸಹಾಯವಾಣಿ ಅದು. ಬಂದವರು ಅವನನ್ನು ಕರೆದೊಯ್ದು, 2015ರ ಬಾಲನ್ಯಾಯ ಕಾಯಿದೆ ಹೇಳುವಂತೆ, ಪ್ರಯಾಣದ ಹೊತ್ತನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿದರು. ಅವನು ಹೊರಡುವಾಗ ನನ್ನತ್ತ ನೋಡಿದ ನೋಟ ಹಿತವಾದದ್ದೇನೂ ಅಲ್ಲ. ಮಾಡಿದ್ದು ಸರಿಯೆಂದೇ ಈಗಲೂ ನನ್ನ ಮತ.

ಅವನನ್ನು ಇರಿಸಿದ ಆಶ್ರಯಧಾಮವೊಂದರ ಸಮಾರಂಭಕ್ಕೆ ಹೋಗುವ ಸಂದರ್ಭ ನನಗೆ ಒದಗಿತು. 'ಮಕ್ಕಳ ಸರ್ವಾಂಗೀಣ ಅಭಿವೃದ್ಧಿ' ಎಂದು ಬ್ಯಾನರಿನಲ್ಲಿ ಬರೆದಿತ್ತು. ಗಣ್ಯರು ಎರಡು ಗಂಟೆ ತಡವಾಗಿ ಬಂದರು. ಅಷ್ಟು ಹೊತ್ತೂ ಮಕ್ಕಳು ಕೈಕಟ್ಟಿ ಕುಳಿತಿದ್ದುವು. ನಾನು ಕುಳಿತು ಅಂಗಗಳನ್ನು ಎಣಿಸಿದೆ. ಹುಳುಕು ಹಲ್ಲು ಒಂದು ಅಂಗ. ಹಳಿಯ ಜಲ್ಲಿಕಲ್ಲಿನ ಮೇಲೆ ಓಡಾಡಿ ಒಡೆದ ಪಾದ ಇನ್ನೊಂದು. ನಿದ್ದೆ? ಪ್ಲಾಟ್‌ಫಾರಮ್ಮಿನ ಹುಡುಗ ರಾತ್ರಿ ಎಚ್ಚರವಿದ್ದು ಹಗಲು ಮಲಗುತ್ತಾನೆ. ರಾತ್ರಿ ಮಲಗಿದರೆ ಜೇಬು ಹೋಗುತ್ತದೆ, ಕೆಲವು ಸಲ ಅದಕ್ಕಿಂತ ಹೆಚ್ಚಿನದೂ. ಅವನಿಗೆ ಮೊದಲು ಕಲಿಸಬೇಕಾದದ್ದು ಅಕ್ಷರವಲ್ಲ, ಹೆದರದೆ ಕಣ್ಣುಮುಚ್ಚುವುದು. ಆಮೇಲೆ ಸಿಟ್ಟು. ಆಮೇಲೆ ಸಂಪಾದನೆ. ದಿನಕ್ಕೆ ನೂರಿನ್ನೂರು ದುಡಿದು, ಅದರಲ್ಲಿ ಅಜ್ಜಿಗೂ ಕೊಟ್ಟು, ತನ್ನಿಷ್ಟದ ಸಿನಿಮಾ ನೋಡಿದವನನ್ನು ಒಮ್ಮೆಗೇ 'ಅನಾಥ ಬಾಲಕ' ಎಂದು ಕರೆದು ತಟ್ಟೆ ಕೈಗೆ ಕೊಟ್ಟರೆ ಅವನ ಮಾನ ಏನಾಗಬೇಕು? ಊಟ ಹಾಕಿದೆವಲ್ಲ ಎನ್ನುವವರಿಗೆ ಇದು ತಿಳಿಯುವುದು ಕಷ್ಟ.

ಮೂರನೆಯ ವಾರ ಅವನು ಮತ್ತೆ ಜಂಕ್ಷನ್ನಿನಲ್ಲಿದ್ದ. ನನ್ನೊಡನೆ ಮಾತಿಲ್ಲ. ಎರಡು ದಿನ ಇಡ್ಲಿ ಕೊಡಿಸಿದ ಮೇಲೆ ಕಾರಣ ಹೇಳಿದ: ಅಲ್ಲಿ ಎಲ್ಲವೂ ಇತ್ತಂತೆ, ನಾಳೆ ಏನು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲವಂತೆ. ಅಜ್ಜಿಯ ಮಾತ್ರೆಗೆ ದುಡ್ಡು ಯಾರು ಕೊಡುತ್ತಾರೆಂಬ ಚಿಂತೆ ಬೇರೆ.

ಎರಡನೆಯ ಸಲ ಅವನು ಸಿಕ್ಕಿದ್ದು ಬೆಂಗಳೂರಿನ ನಿಲ್ದಾಣದಲ್ಲಿ, ಬೇರೆ ಕಾರ್ಯಕರ್ತರ ಕೈಗೆ. ಅವರು ಬುದ್ಧಿವಂತರು. ಹುಡುಗನನ್ನು ವಿಚಾರಿಸುವ ಮೊದಲು ಅಜ್ಜಿಯನ್ನು ವಿಚಾರಿಸಿದರು. ಲೈನುಮನೆಗೆ ಬಂದು ಕುಳಿತು, ಆಕೆಯ ವೃದ್ಧಾಪ್ಯ ವೇತನ ಯಾವ ಕಾಗದಕ್ಕಾಗಿ ನಿಂತಿದೆಯೆಂದು ನೋಡಿ, ಆ ಕಾಗದ ಹುಡುಕಿಸಿದರು. ಬೆಂಗಳೂರಿನಲ್ಲಿ ಮನೆಗೆಲಸ ಮಾಡುತ್ತಿದ್ದ ತಾಯಿಯನ್ನು ಒಂದು ಭಾನುವಾರ ಕರೆತಂದರು. 'ಪುನರ್ವಸತಿ' ಎಂಬ ಮಾತಿಗೆ ನಿಘಂಟು ಏನೇ ಹೇಳಲಿ, ಆ ದಿನ ಅಜ್ಜಿ ಚಾಪೆ ಕೊಡವಿ ಹಾಸಿದ್ದೇ ನನಗೆ ಅದರ ಅರ್ಥವಾಗಿ ಕಂಡಿತು. ಅಂದಹಾಗೆ, ಈ ಮಾತನ್ನು ನಮ್ಮೂರಿನಲ್ಲಿ ಮಕ್ಕಳಿಗಷ್ಟೇ ಅಲ್ಲ, ಗಣಿಯ ಕಾರ್ಮಿಕರಿಗೂ ಬಳಸುತ್ತಾರೆ. ಅಜ್ಜನಿಗೆ ಆಗದ ಪುನರ್ವಸತಿಯನ್ನು ಮೊಮ್ಮಗನಿಗೆ ಮಾಡುವ ವಿಪರ್ಯಾಸ!

ಶಾಲೆಗೆ ಸೇರಿಸಲು ನಾನೂ ಹೋಗಿದ್ದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಅವನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಬೇಕು. ತಪ್ಪಿಹೋದ ಪಾಠಗಳಿಗೆ ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳಿಸುವಂತಿಲ್ಲ. ಮುಖ್ಯೋಪಾಧ್ಯಾಯಿನಿ ಇದನ್ನೆಲ್ಲ ಬಲ್ಲ ಹೆಂಗಸು. ಆದರೂ ಫಾರಮ್ಮಿನಲ್ಲಿ ಜನ್ಮದಿನಾಂಕದ ಜಾಗ ಖಾಲಿಯಿತ್ತು.

'ಜೂನ್ ಒಂದು ಅಂತ ಬರೆಯೋಣ' ಎಂದರು ಗುಮಾಸ್ತರು. ನಮ್ಮ ಕಡೆಯ ಹಳ್ಳಿಗಳಲ್ಲಿ ಜೂನ್ ಒಂದರಂದು ಹುಟ್ಟಿದವರು ಅಸಂಖ್ಯಾತ, ನಾನೂ ಅವರಲ್ಲೊಬ್ಬ.

ಅಜ್ಜಿ ಒಪ್ಪಲಿಲ್ಲ. 'ಇಲ್ಲಪ್ಪಾ, ಆಡಿ ತಿಂಗಳಲ್ಲಿ ಹುಟ್ಟಿದ್ದು. ಮಾರಿಯಮ್ಮನ ಗುಡಿಯಲ್ಲಿ ಗಂಜಿ ಹುಯ್ತಾ ಇದ್ರು, ನಾನು ಪಾತ್ರೆ ಬಿಟ್ಟು ಓಡಿಬಂದೆ' ಎಂದಳು.

'ಆಡಿ ಅಂದರೆ ಜುಲೈ, ಆಗಸ್ಟು' ಎಂದು ಗುಮಾಸ್ತರು ಲೇಖನಿ ಎತ್ತಿಹಿಡಿದರು.

ಹುಡುಗ ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದವನು ನನ್ನ ತೋಳು ಜಗ್ಗಿ ಮೆಲ್ಲಗೆ ಕೇಳಿದ: 'ಸಾರ್, ಆವಾಗ ಇಸ್ಕೂಲ್ ಇರುತ್ತಾ? ಚಾಕಲೇಟು ಹಂಚಬೇಕು.'