ಆಪ್ತವಾಕ್ಯವೂ ಚದುರಂಗದ ಯಂತ್ರವೂ

ಚದುರಂಗವಾಡುವ ಯಂತ್ರಕ್ಕೆ ಗ್ರಾಂಡ್‌ಮಾಸ್ಟರನ ಬಲವುಂಟೆ ಎಂಬ ವಾದವು ಒಂದು ಕಾಲದಲ್ಲಿ ಪಣ ಕಟ್ಟುವಷ್ಟು ಬಿರುಸಾಗಿದ್ದಿತು. ಡೇವಿಡ್ ಲೆವಿ ಎಂಬ ಆಟಗಾರನು 1968ರಲ್ಲಿ, ಹತ್ತು ವರುಷಗಳೊಳಗೆ ಯಾವ ಯಂತ್ರವೂ ತನ್ನನ್ನು ಸೋಲಿಸಲಾರದೆಂದು ಪಣವೊಡ್ಡಿ, 1978ರಲ್ಲಿ ಅದನ್ನು ಗೆದ್ದನು. ಮತ್ತೆ ಹತ್ತು ವರುಷಕ್ಕೆ, 1988ರಲ್ಲಿ, ಡೀಪ್ ಥಾಟ್ ಎಂಬ ಯಂತ್ರವು ಗ್ರಾಂಡ್‌ಮಾಸ್ಟರ್ ಬೆಂಟ್ ಲಾರ್ಸನನನ್ನು ಸ್ಪರ್ಧೆಯಲ್ಲಿಯೇ ಮಣಿಸಿತು. ಇಂದು ಅಂಗೈಯಗಲದ ಫೋನಿನಲ್ಲಿ ಅಡಗಿರುವ ಸ್ಟಾಕ್‌ಫಿಶ್ ಜಗಜ್ಜೇತನನ್ನೂ ಸೋಲಿಸಬಲ್ಲುದು. ಬಲದ ಮಾತು ಅಲ್ಲಿಗೆ ತೀರಿತು. ತೀರದೆ ಉಳಿದುದು ಬೇರೊಂದು. ಅದು 1997ರ ಮೇ 4ರಂದು ನ್ಯೂಯಾರ್ಕಿನಲ್ಲಿ ನಡೆದ ಒಂದೇ ಆಟದಲ್ಲಿ ಕಾಣಬರುತ್ತದೆ.

ಐ.ಬಿ.ಎಂ. ಸಂಸ್ಥೆಯ ಡೀಪ್ ಬ್ಲೂ ಎಂಬ ಯಂತ್ರಕ್ಕೂ ಜಗಜ್ಜೇತ ಗ್ಯಾರಿ ಕ್ಯಾಸ್ಪರೋವನಿಗೂ ನಡೆದ ಆರು ಆಟಗಳ ಪಂದ್ಯದಲ್ಲಿ ಅದು ಎರಡನೆಯದು. ಹಿಂದಿನ ವರುಷ ಫಿಲಡೆಲ್ಫಿಯಾದಲ್ಲಿ ಅವನು ಇದೇ ಯಂತ್ರದ ಪೂರ್ವರೂಪವನ್ನು 4-2ರಿಂದ ಗೆದ್ದಿದ್ದನು. ಈ ಸಲದ ಮೊದಲ ಆಟವನ್ನೂ ಗೆದ್ದಿದ್ದನು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಎಣಿಸಿದರೇನು, ಯಂತ್ರವೆಂದರೆ ಹೊಟ್ಟೆಬಾಕ, ಕಾಯಿ ಕಂಡರೆ ಕಬಳಿಸದೆ ಬಿಡದು ಎಂಬುದು ಅಂದಿನ ಆಟಗಾರರ ಸಾಮಾನ್ಯ ತಿಳಿವಳಿಕೆ. ಕ್ಯಾಸ್ಪರೋವನು ಎರಡು ಕಾಲಾಳುಗಳನ್ನು ಆಮಿಷವಾಗಿ ಒಡ್ಡಿದನು. ಯಂತ್ರವು ಅವನ್ನು ಮುಟ್ಟಲಿಲ್ಲ. ಒಂಟೆಯನ್ನು ಹಲಗೆಯ ನಡುವಿಗೆ ತಂದು ನಿಲ್ಲಿಸಿ, ಎದುರಾಳಿಗೆ ಉಸಿರಾಡಲು ಎಡೆಯಿಲ್ಲದಂತೆ ಬಿಗಿಯಿತು. ಆಮೇಲೆ ಅವನು, ಇದರಲ್ಲಿ ಮನುಷ್ಯನ ಕೈವಾಡವಿರಬೇಕೆಂದು ಶಂಕಿಸಿದುದೂ ಉಂಟು. ಯಂತ್ರದ 45ನೆಯ ನಡೆಯನ್ನು ಕಂಡು ಸೋಲನ್ನೊಪ್ಪಿ ಎದ್ದುಹೋದನು.

ಮರುದಿನ ಅವನ ಜತೆಯವರು ತಂದ ಸುದ್ದಿ ಸೋಲಿಗಿಂತ ಕಹಿಯಾಗಿದ್ದಿತು. ಮಂತ್ರಿಯನ್ನು ಎದುರಾಳಿಯ ಪಾಳೆಯದೊಳಕ್ಕೆ ನುಗ್ಗಿಸಿದ್ದರೆ, ರಾಜನಿಗೆ ಬಿಡುವಿಲ್ಲದೆ ಷಹ ಕೊಡುತ್ತ ಆಟವನ್ನು ಸಮ ಮಾಡಿಕೊಳ್ಳಬಹುದಾಗಿತ್ತೆಂದು ಅವರು ತೋರಿಸಿದರು. ಆ ಕಿಂಡಿಯನ್ನು ತೆರೆದುದು ಯಂತ್ರವೇ. ಹಿಂದಿನ ನಡೆಯಲ್ಲಿ ಅದು ತನ್ನ ರಾಜನನ್ನು ಇಟ್ಟ ಮನೆ ಭದ್ರವಾಗಿರಲಿಲ್ಲ.

ಕ್ಯಾಸ್ಪರೋವನಂಥವನು ಆ ಹಾದಿಯನ್ನೇಕೆ ಹುಡುಕಲಿಲ್ಲ? ಇಷ್ಟು ಆಳವಾಗಿ ಆಡಿದ ಯಂತ್ರವು ಇಂಥದೊಂದನ್ನು ಕಾಣದೆ ಬಿಟ್ಟಿರಲಾರದೆಂಬ ನಂಬುಗೆಯೇ ಅವನ ಕೈ ಕಟ್ಟಿತೆಂದು ತೋರುತ್ತದೆ. ನೈಯಾಯಿಕರು ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪುವರು. ಆದರೆ ಆಪ್ತನೆಂದರೆ ವಸ್ತುವನ್ನು ಇದ್ದಂತೆ ಅರಿತು, ಅರಿತಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಡೀಪ್ ಬ್ಲೂ ಏನನ್ನೂ ಹೇಳಿರಲಿಲ್ಲ. ಅದರ ಮೌನವನ್ನೇ ಅವನು ಆಪ್ತವಾಕ್ಯವೆಂದು ಕೇಳಿಕೊಂಡನು, ಹಲಗೆ ಕಣ್ಣೆದುರಿಗೆ ಪ್ರತ್ಯಕ್ಷವಾಗಿದ್ದಾಗಲೂ!

ಮುಂದಿನ ಮೂರು ಆಟಗಳು ಸಮವಾದುವು. ಆರನೆಯದನ್ನು 19 ನಡೆಗಳಲ್ಲಿ ಸೋತು, ಪಂದ್ಯವನ್ನು 3½-2½ರಿಂದ ಕಳೆದುಕೊಂಡನು. ಮರುಪಂದ್ಯ ನಡೆಯಲಿಲ್ಲ.

ಇಂದಿನ ಯಂತ್ರಗಳು ಡೀಪ್ ಬ್ಲೂವನ್ನು ಬಹಳ ಹಿಂದೆ ಬಿಟ್ಟಿವೆ. ಅವು ತಪ್ಪುವುದು ವಿರಳ. ಚದುರಂಗ ಕಲಿಯುವ ಮಕ್ಕಳಿಗೆ ತೆರೆಯ ಮೇಲೆ ಹಲಗೆಯ ಪಕ್ಕದಲ್ಲಿ ಬಿಳುಪು ಕಪ್ಪಿನದೊಂದು ಪಟ್ಟಿ ಏರುತ್ತ ಇಳಿಯುತ್ತ ಇರುವುದು ಕಾಣುತ್ತದೆ. ನಡೆಯಿಟ್ಟ ಮಗು ಹಲಗೆಯನ್ನು ನೋಡುವುದಕ್ಕೆ ಮುಂಚೆ ಆ ಪಟ್ಟಿಯನ್ನು ನೋಡುತ್ತದೆ. ಪಟ್ಟಿ ಇಳಿದರೆ ನಡೆ ಕೆಟ್ಟದು. ಏಕೆ ಕೆಟ್ಟದೆಂದು ಕೇಳಿದರೆ, ಪಟ್ಟಿ ಇಳಿಯಿತಲ್ಲ ಎನ್ನುತ್ತದೆ.