ನಾಲ್ಕಕ್ಷರದ ಲೆಕ್ಕ

ಇಂಗ್ಲಿಷಿನಲ್ಲಿ ಒಂದು ಆಟವಿದೆ. ಯಾವುದಾದರೂ ಸಂಖ್ಯೆಯ ಹೆಸರು ಬರೆದು ಅದರ ಅಕ್ಷರ ಎಣಿಸಬೇಕು. ಬಂದ ಸಂಖ್ಯೆಯ ಹೆಸರು ಬರೆದು ಮತ್ತೆ ಎಣಿಸಬೇಕು. ಸೆವೆನ್‌ಗೆ ಐದು, ಫೈವ್‌ಗೆ ನಾಲ್ಕು, ಫೋರ್‌ಗೆ ನಾಲ್ಕೇ. ಎಲ್ಲಿಂದ ಹೊರಟರೂ ಕೊನೆಗೆ ಫೋರ್‌ಗೆ ಬಂದು ನಿಲ್ಲುತ್ತದೆ. ತನ್ನ ಬೆಲೆಯಷ್ಟೇ ಅಕ್ಷರಗಳಿರುವ ಸಂಖ್ಯೆ ಆ ಭಾಷೆಯಲ್ಲಿ ಅದೊಂದೇ.

ಕೆಂಗೇರಿ ಉಪನಗರದ ನಮ್ಮ ಮನೆಗೆ ಈ ಆಟ ತಂದವಳು ಐದನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು. ಅವಳಿಗೆ ಕನ್ನಡ ಮಾತು ಸಲೀಸು, ಆದರೆ ಕನ್ನಡದ ಎಣಿಕೆ ಇಪ್ಪತ್ತರ ಆಚೆ ಬಾರದು. ನಮ್ಮಮ್ಮನಿಗೆ ಇಂಗ್ಲಿಷ್ ಎಣಿಕೆ ಬಾರದು. ತರಕಾರಿಯವನು 'ನಲವತ್ತೆಂಟು' ಎಂದರೆ ಮೊಮ್ಮಗಳು ನನ್ನ ಮುಖ ನೋಡುತ್ತಾಳೆ; ಮೊಮ್ಮಗಳು 'ಫಾರ್ಟಿ ಏಯ್ಟ್' ಎಂದರೆ ಅಮ್ಮ ನನ್ನ ಮುಖ ನೋಡುತ್ತಾಳೆ. ದುಡ್ಡು, ವಯಸ್ಸು, ಫೋನ್ ನಂಬರು ಎಲ್ಲಕ್ಕೂ ನಡುವೆ ನಾನೇ ದುಭಾಷಿ.

"ಕನ್ನಡದಲ್ಲಿ ಎಲ್ಲಿ ನಿಲ್ಲತ್ತೆ ಮಾಮ?" ಎಂದಳು. ಕೂತು ಎಣಿಸಿದೆವು. 'ಎರಡು' ಎಂಬುದಕ್ಕೆ ಮೂರು ಅಕ್ಷರ, 'ಮೂರು' ಎಂಬುದಕ್ಕೆ ಎರಡು. ಎಲ್ಲಿಂದ ಹೊರಟರೂ ಇವೆರಡರ ನಡುವೆ ಓಡಾಡುತ್ತಲೇ ಇರಬೇಕು. "ನಮ್ದು ನಿಲ್ಲೋದೇ ಇಲ್ವಾ?" ಎಂದು ಮುಖ ಸಣ್ಣಗೆ ಮಾಡಿದಳು.

ಆದರೆ ಕನ್ನಡ ಅಕ್ಷರವನ್ನಷ್ಟೇ ಎಣಿಸುವ ಭಾಷೆಯಲ್ಲ. 10ನೇ ಶತಮಾನದ ನಾಗವರ್ಮ ಛಂದಸ್ಸಿಗೆಂದೇ 'ಛಂದೋಂಬುಧಿ' ಬರೆದ. ನಮ್ಮ ಛಂದಸ್ಸಿನಲ್ಲಿ ಮಾತ್ರೆಯ ಲೆಕ್ಕವೂ ಉಂಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ, ಅನುಸ್ವಾರವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಐ-ಔಗಳು ಗುರು. ಹಾಗೆ ನೋಡಿದರೆ 'ಮೂರು' ಎಂಬುದಕ್ಕೆ ಸರಿಯಾಗಿ ಮೂರು ಮಾತ್ರೆ! ಒಂದರಿಂದ ಹತ್ತರವರೆಗೆ ಒಂಬತ್ತನ್ನು ಬಿಟ್ಟು ಎಲ್ಲಕ್ಕೂ ಮೂರೇ, ಒಂಬತ್ತಕ್ಕೆ ಐದು. ಹನ್ನೊಂದರಿಂದ ಇಪ್ಪತ್ತರವರೆಗೆ ಹತ್ತೊಂಬತ್ತನ್ನು ಬಿಟ್ಟು ಎಲ್ಲಕ್ಕೂ ಐದು, ಹತ್ತೊಂಬತ್ತಕ್ಕೆ ಏಳು. ಐದಾಗಲಿ ಏಳಾಗಲಿ, ಮುಂದಿನ ಹೆಜ್ಜೆ ಮೂರಕ್ಕೇ.

ಇಪ್ಪತ್ತರ ಆಚೆ ಹೋಗಲು ಹೆಸರು ಗೊತ್ತಿರಬೇಕಲ್ಲ? ಅಮ್ಮ ಹೇಳುತ್ತ ಹೋದಳು, ಹುಡುಗಿ ಬರೆಯುತ್ತ ಹೋದಳು. ನಲವತ್ತೆಂಟಕ್ಕೆ ಏಳು ಮಾತ್ರೆ ಎಂದು ಹುಡುಗಿ ತಾನೇ ಕಂಡುಕೊಂಡಳು.

ಶಾಲೆಯ ಮೆಟ್ಟಿಲು ಹತ್ತದ ಅಮ್ಮ ನಡುವೆ ತನ್ನ ಎಂದಿನ ಮಾತು ಹೇಳಿದಳು: "ನಾಲ್ಕಕ್ಷರ ಕಲಿಯೋ ಯೋಗ ನಂಗಿರ್ಲಿಲ್ಲ." ಮೊಮ್ಮಗಳು ಬೆರಳು ಮಡಚಿದಳು. ನಾ, ಲ್ಕ, ಕ್ಷ, ರ. "ಅಜ್ಜಿ, ಸರಿಯಾಗಿ ನಾಲ್ಕೇ ಇದೆ!"

ಪಟ್ಟಿ ಈಗ ಅರವತ್ತೆರಡರಲ್ಲಿದೆ. ಇನ್ನು ಮೂವತ್ತೆಂಟು ಮುಗಿದರೆ ತರಕಾರಿ ಗಾಡಿಯ ಹತ್ತಿರ ಅವರಿಬ್ಬರಿಗೆ ನಾನು ಬೇಕಾಗುವುದಿಲ್ಲ.