ಬಗ್ಗಿದ ಬೆನ್ನಿನ ಲೆಕ್ಕ

ಒಂದು ದಿನ ಬೆಳಗಿನ ನಮಾಝಿನಲ್ಲಿ ರುಕೂಗೆ ಬಗ್ಗಿದವಳು ಹಾಗೆಯೇ ನಿಂತುಬಿಟ್ಟೆ. ಮೇಲೇಳಲು ಬೆನ್ನು ಒಪ್ಪಲಿಲ್ಲ. ಗೋಡೆ ಹಿಡಿದು ಹೇಗೋ ನೆಟ್ಟಗಾದೆ. ಅಂದಿನಿಂದ ಮೂರು ವಾರ ಕುರ್ಚಿಯಲ್ಲಿ ಕುಳಿತೇ ನಮಾಝ್. ಅದುವರೆಗೆ ನಮ್ಮ ಮನೆಯಲ್ಲಿ ಕುರ್ಚಿ ಬೇಕಾಗುತ್ತಿದ್ದುದು ಎಪ್ಪತ್ತು ದಾಟಿದ ಮಾಮಿಗೆ ಮಾತ್ರ. ಈಗ ಅತ್ತೆ ಸೊಸೆಯರ ಕುರ್ಚಿಗಳು ಅಕ್ಕಪಕ್ಕ ಬಂದವು. ನನಗಾಗ ನಲವತ್ತಾರು ವರ್ಷ.

ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆಗೆ ಏನೂ ಆಗಿಲ್ಲ. ಸೊಂಟವನ್ನು ಹಿಡಿದು ನಿಲ್ಲಿಸುವ ಸ್ನಾಯುಗಳೇ ಸೋತಿವೆ. ದಿನಕ್ಕೆ ಎಷ್ಟು ಹೊತ್ತು ಕೂತು ಬರೆಯುತ್ತೀರಿ?" ಎಂದು ಕೇಳಿದರು. ಹತ್ತು ದಿನದ ಮಾತ್ರೆ ಬರೆದುಕೊಟ್ಟು, "ಮಾತ್ರೆ ನೋವಿಗೆ ಮಾತ್ರ. ಪಿಲಾಟೀಸ್‌ನಂಥ ವ್ಯಾಯಾಮ ತಪ್ಪದೆ ಮಾಡಿ. ಆದರೆ ಗೊತ್ತಿದ್ದವರ ಹತ್ತಿರ ಕಲಿಯಿರಿ" ಎಂದರು. ಪಿಲಾಟೀಸ್ ಎಂದರೆ ಸಿನಿಮಾ ತಾರೆಯರ ಹವ್ಯಾಸ ಎಂದಷ್ಟೇ ನಾನು ತಿಳಿದಿದ್ದೆ.

ಅದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಬಾಲ್ಯದಲ್ಲಿ ಉಬ್ಬಸದಿಂದ ನರಳಿದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪ್ರಜೆ ಎಂಬ ಒಂದೇ ಕಾರಣಕ್ಕೆ ಬ್ರಿಟಿಷರು ಅವನನ್ನು ಶಿಬಿರದಲ್ಲಿ ಬಂಧಿಸಿಟ್ಟರು. ಅಲ್ಲಿ ಅವನು ಜೊತೆಯ ಬಂದಿಗಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ ಕ್ಲಾರಾ ಎಂಬ ಸಂಗಾತಿಯ ಜೊತೆ ಶಾಲೆ ನಡೆಸಿದ. 1967ರಲ್ಲಿ ತೀರಿಕೊಂಡ. ತನ್ನ ವಿದ್ಯೆಯನ್ನು ಅವನು ಕರೆದದ್ದು 'ಕಂಟ್ರಾಲಜಿ' ಎಂದು. ಉಸಿರನ್ನು ಗಮನಿಸುತ್ತ, ಹೊಟ್ಟೆ ಬೆನ್ನುಗಳ ಒಳಸ್ನಾಯುಗಳನ್ನು ಹಿಡಿತದಲ್ಲಿಟ್ಟು, ನಿಧಾನವಾಗಿ ಕೈಕಾಲು ಆಡಿಸುವುದು. ಹತ್ತು ಸಲ ಸರಿಯಾಗಿ ಮಾಡಿದರೆ ಸಾಕು, ನೂರು ಸಲ ಬೇಡ. ನನ್ನಂಥವಳಿಗೆ ಇದು ಹಿಡಿಸಿತು.

ನಮ್ಮ ಮಿಜಾರಿಗೆ ದೇಹದ ಸುದ್ದಿ ಹೊಸತಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಟಿ.ವಿ.ಯವರು ಉಸೇನ್ ಬೋಲ್ಟನನ್ನೇ ಪಕ್ಕಕ್ಕೆ ತಂದು ನಿಲ್ಲಿಸಿದರು. ಓಡುವ ದೇಹವನ್ನು ಲೋಕ ನೋಡಿತು. ಬಗ್ಗಿ ಕುಳಿತ ದೇಹವನ್ನು ಯಾರೂ ನೋಡುವುದಿಲ್ಲ. ನನ್ನ ಮಾಮಿ ಹದಿಮೂರನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕತ್ತು ಬಗ್ಗಿಸಿ ಕೂತರೆ ಸಾವಿರ ಮುಗಿಯುವ ತನಕ ಏಳುವಂತಿಲ್ಲ. ಮನೆಯ ಮಾಡಿಗೆ ಹಂಚು ಬಂದದ್ದು, ನನ್ನ ಗಂಡ ಕಾಲೇಜು ಮೆಟ್ಟಿಲು ಹತ್ತಿದ್ದು, ಎಲ್ಲವೂ ಆ ಬೀಡಿಯಿಂದ. ಅವರ ಬೆನ್ನು ಕೊಡೆಯ ಹಿಡಿಯ ಹಾಗೆ ಬಾಗಿದೆ. ಅದಕ್ಕೆ ಯಾವ ವ್ಯಾಯಾಮವನ್ನೂ ಯಾರೂ ಬರೆದುಕೊಟ್ಟಿರಲಿಲ್ಲ.

ಇಂಥ ಮನೆಯಿಂದ ನಾನು ಪಿಲಾಟೀಸ್ ಶಾಲೆ ಹುಡುಕುತ್ತಾ ಹೊರಟೆ.

ಮೊದಲು ಹೋದದ್ದು ಮಂಗಳೂರಿಗೆ. ಗಾಜಿನ ಗೋಡೆ, ಸ್ಪ್ರಿಂಗುಗಳಿರುವ ರಿಫಾರ್ಮರ್ ಎಂಬ ಮಂಚದಂಥ ಯಂತ್ರಗಳು. ಒಳಗೆ ಕಲಿಯುವವರು ಬೀದಿಗೆ ಕಾಣುತ್ತಿದ್ದರು. ಕೌಂಟರಿನ ಹುಡುಗ ನನ್ನ ಬೆನ್ನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಒಂದು ತಿಂಗಳಲ್ಲಿ ಗ್ಯಾರಂಟಿ, ವರ್ಷದ ಹಣ ಈಗಲೇ ಕಟ್ಟಿದರೆ ರಿಯಾಯಿತಿ" ಎಂದ. ಬಟ್ಟೆ ಮೈಗಂಟಿದ್ದೇ ಆಗಬೇಕಂತೆ. ನನ್ನ ತಲೆವಸ್ತ್ರ ನೋಡಿ, "ನಿಮ್ಮವರು ಒಪ್ಪುತ್ತಾರಾ ಮೇಡಂ?" ಎಂದು ಕೇಳಿದ. ಬೆನ್ನಿನ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಅವನು ಬಟ್ಟೆಯ ಬಗ್ಗೆ ಕೇಳಿದ್ದ. ಹಿಂದಿರುಗಿ ಬಂದೆ.

ಎರಡನೆಯದು ಒಂದು ಜಿಮ್. ಬೋರ್ಡಿನಲ್ಲಿ ಪಿಲಾಟೀಸ್ ಎಂದಿತ್ತು, ಒಳಗೆ ಜೋರು ಹಾಡಿಗೆ ಕುಣಿತ. ಹೆಸರು ಹೀಗೆ ಬಳಕೆಯಾಗುವುದಕ್ಕೂ ಒಂದು ಕಥೆ ಉಂಟು. ಪಿಲಾಟೀಸ್ ಎಂಬುದು ಒಬ್ಬರ ಸೊತ್ತಲ್ಲ, ಯೋಗದಂತೆ ಅದೂ ಒಂದು ಸಾಮಾನ್ಯ ಹೆಸರು ಎಂದು ಅಮೆರಿಕದ ನ್ಯಾಯಾಲಯವೊಂದು 2000ರಲ್ಲಿ ತೀರ್ಪು ಕೊಟ್ಟಿತು. ಒಳ್ಳೆಯದೇ ಆಯಿತು, ವಿದ್ಯೆ ಯಾರ ಬೀಗದ ಕೈಯಲ್ಲೂ ಉಳಿಯಲಿಲ್ಲ. ಆದರೆ ಬೋರ್ಡನ್ನು ನಂಬುವಂತಿಲ್ಲ ಎಂಬುದೂ ಅದರ ಜೊತೆಗೇ ಬಂತು. ಕಲಿಸುವವರು ಎಲ್ಲಿ, ಎಷ್ಟು ಕಾಲ ಕಲಿತರು ಎಂದು ನಾವೇ ಬಾಯಿಬಿಟ್ಟು ಕೇಳಬೇಕು.

ಮೂರನೆಯದು ಫಿಸಿಯೋಥೆರಪಿ ಓದಿದ ಹೆಣ್ಣುಮಗಳೊಬ್ಬಳು ಬಾಡಿಗೆಯ ಎರಡು ಕೋಣೆಗಳಲ್ಲಿ ನಡೆಸುವ ತರಗತಿ. ಯಂತ್ರಗಳಿಲ್ಲ. ಐದು ಚಾಪೆ, ಒಂದು ಬೆಂಚು, ಕಿಟಕಿಗೆ ಪರದೆ. ಅವಳು ಮೊದಲು ಎಕ್ಸ್‌ರೇ ನೋಡಿದಳು. ಹೆರಿಗೆಗಳು ಎಷ್ಟು, ಆಪರೇಷನ್ ಆಗಿದೆಯೇ, ಕಾಲಿಗೆ ಜೋಮು ಹಿಡಿಯುತ್ತದೆಯೇ ಎಂದೆಲ್ಲ ಬರೆದುಕೊಂಡಳು. "ಬಟ್ಟೆ?" ಎಂದೆ. "ಸಲ್ವಾರ್ ಸಾಕು ಅಕ್ಕ, ಕಾಲಿಗೆ ತೊಡರದಿದ್ದರೆ ಆಯಿತು" ಎಂದಳು. "ಎಷ್ಟು ದಿನದಲ್ಲಿ ವಾಸಿ?" ಎಂದೆ. "ಹೇಳಲಿಕ್ಕೆ ಆಗುವುದಿಲ್ಲ. ವಾರಕ್ಕೆ ಎರಡು ಸಲ ಬನ್ನಿ, ಉಳಿದ ದಿನ ಮನೆಯಲ್ಲಿ ಹದಿನೈದು ನಿಮಿಷ ಮಾಡಿ. ಮೂರು ತಿಂಗಳು ನೋಡುವ." ಮೊದಲ ದಿನ ಅವಳು ಕಲಿಸಿದ್ದು ಉಸಿರಾಡುವುದನ್ನು ಮಾತ್ರ. ಪಕ್ಕೆಲುಬುಗಳು ಅಗಲವಾಗುವಂತೆ ಉಸಿರು ಎಳೆದು, ಬಿಡುವಾಗ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒಳಗೆ ಸೆಳೆಯಬೇಕು. ಆಗ ಅರ್ಥವಾಯಿತು. ಉರ್ದು ಶಾಲೆಯಲ್ಲಿ ನಾನು ಕಲಿತ 'ಕಮರ್ ಕಸ್‌ನಾ', ಕನ್ನಡ ಶಾಲೆಯಲ್ಲಿ ಕಲಿತ 'ಟೊಂಕ ಕಟ್ಟುವುದು' ಎರಡೂ ಇದೇ. ಎರಡು ಭಾಷೆಯಲ್ಲೂ ಬರೆದಿದ್ದೆ, ನನ್ನ ಟೊಂಕವನ್ನು ಕಟ್ಟಿರಲಿಲ್ಲ.

ಸೇರಿಕೊಂಡೆ. ಆದರೆ ಮನೆಗೆ ಬಂದು ಒಂದು ಸುಳ್ಳು ಹೇಳಿದೆ. ಮಾಮಿ ಫೀಸು ಕೇಳಿದಾಗ ನಿಜವಾದದ್ದರ ಅರ್ಧ ಹೇಳಿದೆ. ಬೀಡಿ ಕಟ್ಟಿ ಬೆನ್ನು ಕಳೆದುಕೊಂಡವರ ಎದುರು ಬೆನ್ನಿಗಾಗಿ ಹಣ ಕೊಡುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ನಮ್ಮ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ ಹೆಚ್ಚು, ಆದ್ದರಿಂದ ಬಸ್ಸಿನ ಹಣ ಬೇರೆ. ಅದನ್ನಂತೂ ಹೇಳಲೇ ಇಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮತ್ತೆ ನಿಂತು ನಮಾಝ್ ಮಾಡಿದೆ. ರುಕೂಗೆ ಬಗ್ಗಿದೆ, ಗೋಡೆ ಹಿಡಿಯದೆ ಎದ್ದೆ. ಸಲಾಂ ಹೇಳಿ ತಿರುಗಿದಾಗ ಮಾಮಿ ತನ್ನ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು.

"ಸರಿಯಾದ ಫೀಸು ಎಷ್ಟು?" ಎಂದರು. ಚೀಟಿ ಅವರ ಕಣ್ಣಿಗೆ ಬಿದ್ದಿತ್ತೋ ಏನೋ. ಹೇಳಿದೆ. ಅವರು ಬೆರಳು ಮಡಚಿ ಸಾವಿರದ ಬೀಡಿಗಳಲ್ಲಿ ಲೆಕ್ಕ ಹಾಕಿದರು. ಬೈಗುಳ ಬರುತ್ತದೆ ಎಂದು ಕಾದೆ. "ನನಗೆ ಇದನ್ನು ಆಗ ಯಾರಾದರೂ ಹೇಳಿದ್ದರೆ ನಾನೂ ಕೊಡುತ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಇನ್ನೊಂದು ಚಾಪೆಗೆ ಜಾಗ ಉಂಟಾ?" ಎಂದು ಕೇಳಿದರು.

ಕರೆದುಕೊಂಡು ಹೋದೆ. ಒಂದು ಫೀಸು ಹೆಚ್ಚು ಬರುತ್ತದೆಂದು ಆ ಹುಡುಗಿ ಹಿಗ್ಗಲಿಲ್ಲ. "ಮೊದಲು ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿ ಉಮ್ಮ. ಮೂಳೆ ಟೊಳ್ಳಾಗಿದ್ದರೆ ಮುಂದಕ್ಕೆ ಬಗ್ಗಿ ಸುರುಳಿಯಾಗುವ ವ್ಯಾಯಾಮಗಳು ಅಪಾಯ" ಎಂದಳು. ಪರೀಕ್ಷೆಯಲ್ಲಿ ಮೂಳೆ ಸವೆದಿರುವುದು ಗೊತ್ತಾಯಿತು. ಡಾಕ್ಟರು ಅದಕ್ಕೆ ಔಷಧಿ ಶುರುಮಾಡಿದರು. ಮಾಮಿಗೆ ಚಾಪೆ ಸಿಗಲಿಲ್ಲ. ಗೋಡೆಗೆ ಬೆನ್ನು ತಾಗಿಸಿ ನಿಲ್ಲುವುದು, ಭುಜಗಳನ್ನು ಹಿಂದಕ್ಕೆ ತರುವುದು, ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಇಷ್ಟನ್ನು ಮಾತ್ರ ಡಾಕ್ಟರನ್ನು ಕೇಳಿಯೇ ಕಲಿಸಿದಳು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಶಾಲೆ ಆರಿಸುವುದು ಹೇಗೆ ಎಂದು ಈಗ ಗೆಳತಿಯರು ನನ್ನನ್ನು ಕೇಳುತ್ತಾರೆ. ಯಂತ್ರ ಎಷ್ಟಿದೆ ಎಂದು ನೋಡಬೇಡಿ. ನಿಮ್ಮ ಬಗ್ಗೆ ಎಷ್ಟು ಪ್ರಶ್ನೆ ಕೇಳುತ್ತಾರೆ, ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುತ್ತಾರಾ, ಬಸ್ಸಿಗೆ ಹತ್ತಿರವೇ, ಇಷ್ಟನ್ನು ನೋಡಿ ಎನ್ನುತ್ತೇನೆ. ಮತ್ತೆ, ಫೀಸಿನ ಬಗ್ಗೆ ಮನೆಯಲ್ಲಿ ಸುಳ್ಳು ಹೇಳಬೇಡಿ ಎಂದೂ ಸೇರಿಸುತ್ತೇನೆ.

ಮಾಮಿಯ ಬೆನ್ನು ನೆಟ್ಟಗಾಗಿಲ್ಲ, ಆಗುವುದೂ ಇಲ್ಲ. ಆದರೆ ಅಸರ್ ಆದ ಮೇಲೆ ಅವರು ದಿನಾ ಗೋಡೆಗೆ ಒರಗಿ ನಿಲ್ಲುತ್ತಾರೆ. ಪಕ್ಕದ ಮನೆಯಲ್ಲಿ ಇನ್ನೂ ಬೀಡಿ ಕಟ್ಟುವ ಹುಡುಗಿಯನ್ನು ಕರೆದು, "ಸಾವಿರ ಆಮೇಲೆ ಮುಗಿಸು. ಮೊದಲು ಬಂದು ಇಲ್ಲಿ ನಿಲ್ಲು" ಎನ್ನುತ್ತಾರೆ.